ನೀಲಿ ಟೇಪು

ಬೆಳಿಗ್ಗೆ ಆರಕ್ಕೆ, ಬಡವರಿಗೆ ಪುಕ್ಕಟೆ ದಿನಸಿ ಕೊಡುವ ಆಹಾರ ಬ್ಯಾಂಕಿನ ಶಟರ್ ಮೇಲೆ ಪಟ್ಟಿ ಕಂಡಿತು. ದೊಡ್ಡ ಹಾಳೆ. ಕಪ್ಪು ಮಾರ್ಕರ್. ಎಡಗಡೆ ಸ್ಕೇಲಿಟ್ಟು ಎಳೆದ ಗೆರೆ. ತಲೆಬರಹ: 'ಬಿಟ್ಟಿ ಕೂಳಿನ ಗಿರಾಕಿಗಳು'. ಕೆಳಗೆ ಮೂವತ್ತೊಂದು ಹೆಸರು, ಮನೆ ನಂಬರಿನ ಸಮೇತ.

ನಾನು ಸ್ಟೇಷನ್ನಿನಿಂದ ಹೋಗುವಷ್ಟರಲ್ಲಿ ಊರಿಗೆ ಊರೇ ಅದನ್ನು ಓದಿ ಮುಗಿಸಿತ್ತು. ಪ್ರತಿ ಶುಕ್ರವಾರ ಆರೂವರೆಗೇ ನಿಲ್ಲುತ್ತಿದ್ದ ಸಾಲಿನಲ್ಲಿ ಒಂದು ನರಪಿಳ್ಳೆ ಇಲ್ಲ. ಒಳಗೆ ಕಟ್ಟಿಟ್ಟ ಪೆಟ್ಟಿಗೆಗಳು ಹಾಗೇ ಕೂತಿದ್ದವು.

ನನಗೆ ಮೈಯೆಲ್ಲ ಉರಿದುಹೋಯಿತು. ಚಾಕು ಹಾಕಿದವರನ್ನೂ ಹಿಡಿದಿದ್ದೇನೆ. ಅವರಿಗೆ ಎದುರು ನಿಲ್ಲುವ ಧೈರ್ಯವಾದರೂ ಇರುತ್ತದೆ.

“ಹುಡುಕೋದೇನಿದೆ ಮೇಡಂ?” ಎಂದ ಬ್ಯಾಂಕಿನ ಕಾರ್ಯದರ್ಶಿ. “ಹೆಸರಿನ ಪುಸ್ತಕದ ಬೀಗದ ಕೈ ಇರೋದು ಇವಳೊಬ್ಬಳ ಹತ್ರ. ಪಟ್ಟಿ ಅಂಟಿಸಿರೋದು ನಮ್ಮ ನೀಲಿ ಟೇಪಲ್ಲಿ. ಅದರ ರೋಲೂ ಇವಳ ಡ್ರಾಯರಲ್ಲೇ. ಸಂಜೆ ಐದಕ್ಕೆ ಸಮಿತಿ ಸೇರುತ್ತೆ. ಆಮೇಲೆ ಇವಳು ಇಲ್ಲಿ ಕಾಲಿಡಂಗಿಲ್ಲ.”

ಇವಳು ಎಂದರೆ ಕೌಂಟರಿನವಳು. ಎಲ್ಲರೂ ಟೋಕನ್ ಅಕ್ಕ ಅನ್ನುತ್ತಾರೆ. ಶನಿವಾರ, ಭಾನುವಾರ ಶಾಲೆಯಲ್ಲಿ ಊಟ ಸಿಗದ ಮಕ್ಕಳಿಗೆ ಬ್ಯಾಂಕಿನವರು ಒಂದು ಚೀಲ ಕೊಡುತ್ತಾರೆ. ಅವಳ ಇಬ್ಬರು ಮಕ್ಕಳಿಗೂ ಅದೇ ಆಧಾರ. ಅವಳನ್ನು ಓಡಿಸಿದರೆ ಕೆಲಸದ ಜೊತೆ ಚೀಲವೂ ಹೋಗುತ್ತದೆ.

“ಪುಸ್ತಕ ಕೊಡಮ್ಮ” ಎಂದೆ.

“ಕೊಡಲ್ಲ.”

“ನಾನು ಪೊಲೀಸು.”

“ಯಾರಾದ್ರೇನು? ಹೆಸರು ಆಚೆ ಹೋಗಲ್ಲ ಅಂತ ಮಾತು ಕೊಟ್ಟು ಬರಕೊಂಡಿದೀನಿ. ಕೆಲಸ ಹೋದ್ರೆ ಹೋಗ್ಲಿ.”

“ಕೊಬ್ಬು ನೋಡಿ!” ಎಂದ ಕಾರ್ಯದರ್ಶಿ. ನನಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ತಲೆ ಓಡಿತು. ಪೊಲೀಸರಿಗೇ ಹೆಸರು ಕೊಡದವಳು ಬೀದಿಗೆ ಕೊಟ್ಟಾಳೆಯೇ?

* * *

ಅಷ್ಟರಲ್ಲಿ ಒಬ್ಬ ಹೆಂಗಸು ಬಿರುಗಾಳಿ ಹಾಗೆ ನುಗ್ಗಿದಳು.

“ಹನ್ನೊಂದನೇ ಹೆಸರು ನಂದು! ನಾನು ಇಲ್ಲಿಗೆ ಬರೋದು ಅಡುಗೆ ಕಲಿಸೋಕೆ. ಒಂದು ಕಾಳೂ ಮನೆಗೆ ಒಯ್ದಿಲ್ಲ. ಯಾವನವನು? ನನ್ನೆದುರು ನಿಲ್ಲಿಸಿ, ವಿಚಾರಿಸ್ಕೋತೀನಿ!”

ಅವಳ ಕೈಯಲ್ಲಿ ಬ್ಯಾಂಕಿನ ಹಸಿರು ಚೀಲ. ಇಣುಕಿದೆ. ಸೌಟು, ಈಳಿಗೆ, ಏಪ್ರನ್. ತರಕಾರಿ ಕೊಡುವುದೂ ಅಂಥದೇ ಚೀಲದಲ್ಲಿ.

ಟೋಕನ್ ಅಕ್ಕನಾಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಪಟ್ಟಿ ಬರೆದವನು ಪುಸ್ತಕ ನೋಡಿಲ್ಲ. ಮುಂಬಾಗಿಲಿಂದ ಚೀಲ ಹಿಡಿದು ಹೊರಬಂದವರನ್ನೆಲ್ಲ ಬರೆದುಕೊಂಡಿದ್ದಾನೆ.

ಹಾಸಿಗೆ ಹಿಡಿದವರ ಮನೆಗೆ ಪೆಟ್ಟಿಗೆ ಮುಟ್ಟಿಸುವ ವ್ಯಾನ್ ಡ್ರೈವರ್ ಬಂದ. ಅವನು ಪೆಟ್ಟಿಗೆ ಇಳಿಸುವ ಮನೆಗಳು ಒಂದೂ ಪಟ್ಟಿಯಲ್ಲಿರಲಿಲ್ಲ.

“ನಿನ್ನೋರನ್ನ ಮಾತ್ರ ಬಿಟ್ಟಿದೀಯೇನಯ್ಯ?” ಎಂದೆ.

ಅವನು ಮಾರ್ಕೆಟ್ಟಿನ ಗೇಟ್ ಪಾಸನ್ನು ಮೇಜಿನ ಮೇಲೆ ಬಿಸಾಕಿದ. “ರಾತ್ರಿಯಿಂದ ಏಳೂವರೆ ತನಕ ತರಕಾರಿ ತುಂಬ್ತಿದ್ದೆ. ಬೇಕಾದ್ರೆ ಹೋಗಿ ಕೇಳಿ.” ಕೇಳಿದೆ. ನಿಜವಾಗಿತ್ತು.

ರಸ್ತೆಯಾಚೆ ಕ್ಷೌರದಂಗಡಿ. ಅದರ ಮುಂದಿನ ಬೆಂಚಿನಿಂದ ನೋಡಿದರೆ ಬ್ಯಾಂಕಿನ ಮುಂಬಾಗಿಲು ನೆಟ್ಟಗೆ ಕಾಣುತ್ತದೆ. ಬೆಂಚಿನ ಮೇಲೆ ನಿವೃತ್ತ ಹೆಡ್‌ಮಾಸ್ಟರು ಪೇಪರ್ ಓದುತ್ತಿದ್ದರು.

“ಆಗಿದ್ದು ಒಳ್ಳೇದೇ ಬಿಡಮ್ಮ. ಕೈಕಾಲು ಗಟ್ಟಿ ಇರೋರೂ ಸಾಲು ನಿಲ್ಲೋದಾ? ನಮ್ಮ ಮನೇಲಿ ಯಾರೂ ಯಾರ ಮುಂದೂ ಕೈ ಚಾಚಿಲ್ಲ.”

“ಯಾರು ಬರೆದಿರಬಹುದು ಸಾರ್?”

“ಆ ಕೌಂಟರಿನ ಹೆಂಗಸು. ಇನ್ಯಾರು?”

ಅವರ ಪಕ್ಕ ಕೂತಿದ್ದ ಇಬ್ಬರೂ ಹೂಂಗುಟ್ಟಿದರು. ಆ ಬೆಂಚಿನಲ್ಲಿ ದಿನಕ್ಕೆ ನೂರು ಜನ ಕೂರುತ್ತಾರೆ. ನಾಲಿಗೆ ಉದ್ದ ಇದೆ ಅಂತ ಯಾರನ್ನೂ ಹಿಡಿಯಲಾಗುವುದಿಲ್ಲ.

* * *

ವಾಪಸು ಬಂದು ಪಟ್ಟಿ ಬಿಡಿಸಿದೆ. ನಾಲ್ಕು ಮೂಲೆಗೆ ನಾಲ್ಕು ತುಂಡು ನೀಲಿ ಟೇಪು. ರೋಲಿನಿಂದ ಈಗಷ್ಟೇ ಹರಿದ ಟೇಪಿನ ಅಂಟು ಚೊಕ್ಕಟವಾಗಿರುತ್ತದೆ. ಇವುಗಳ ಅಂಟಿನ ತುಂಬ ರಟ್ಟಿನ ಕಂದು ಸಿಪ್ಪೆ. ಯಾವುದೋ ಪೆಟ್ಟಿಗೆಯಿಂದ ಕಿತ್ತ ಟೇಪು!

“ನೀಲಿ ಟೇಪು ಯಾವ ಪೆಟ್ಟಿಗೆಗೆ ಹಾಕ್ತೀರಿ?”

“ಸಕ್ಕರೆ ಕಾಯಿಲೆಯೋರ ಪೆಟ್ಟಿಗೆಗೆ” ಎಂದಳು ಟೋಕನ್ ಅಕ್ಕ. “ಅವರಿಗೆ ಸಾಮಾನೇ ಬೇರೆ.”

“ಹೆಸರು ಬೇಡ. ಎಷ್ಟು ಮನೆ?”

“ಒಂಬತ್ತು. ಆರು ವ್ಯಾನಲ್ಲಿ ಹೋಗುತ್ತೆ. ಡ್ರೈವರ್ ಸಾಮಾನು ಇಳಿಸಿ ರಟ್ಟು, ಟೇಪು ಎಲ್ಲಾ ವಾಪಸ್ ತಂದು ಅವತ್ತೇ ರದ್ದಿಗೆ ಹಾಕ್ತಾನೆ. ಮಿಕ್ಕಿದ್ದು ಮೂರು. ಅದರಲ್ಲಿ ಇಬ್ಬರ ಹೆಸರು ಆಗ್ಲೇ ಬೀದಿಪಾಲಾಗಿದೆ.”

ತನ್ನ ಮಾನ ತಾನೇ ಯಾರೂ ಕಳೆದುಕೊಳ್ಳುವುದಿಲ್ಲ. ಉಳಿದದ್ದು ಒಂದೇ ಮನೆ.

“ಮೂರನೇದು?”

ಅವಳು ಪುಸ್ತಕವನ್ನು ಎದೆಗೆ ಅವುಚಿಕೊಂಡಳು. ನಾನೂ ಒತ್ತಾಯಿಸಲಿಲ್ಲ. ಪಟ್ಟಿಯಲ್ಲಿಲ್ಲದವರು ಬಂದೇ ಬರುತ್ತಾರೆ ಎಂದು ಮೂಟೆಗಳ ಹಿಂದೆ ಕೂತೆ.

ಒಂದು ಗಂಟೆಗೆ ಹಿಂಬಾಗಿಲು ತೆರೆಯಿತು. ಒಬ್ಬ ತರುಣಿ ತಲೆ ತಗ್ಗಿಸಿಕೊಂಡು ಬಂದು, ನೀಲಿ ಟೇಪಿನ ಪೆಟ್ಟಿಗೆ ತೆಗೆದುಕೊಂಡು ಸರಸರ ನಡೆದಳು. ನಾನು ಹಿಂದೆಯೇ ಹೋದೆ. ಎರಡು ಗಲ್ಲಿ ದಾಟಿ ಒಂದು ಗೇಟು. ಪಕ್ಕದಲ್ಲಿ ಹಿತ್ತಾಳೆ ಬೋರ್ಡು: 'ನಿವೃತ್ತ ಮುಖ್ಯೋಪಾಧ್ಯಾಯರು'.

* * *

ಅಡುಗೆಮನೆಯಲ್ಲಿ ನನ್ನ ಸಮವಸ್ತ್ರ ಕಂಡು ಅವಳ ಮುಖ ಬಿಳಿಚಿಕೊಂಡಿತು.

“ದಮ್ಮಯ್ಯ, ಮೆಲ್ಲಗೆ ಮಾತಾಡಿ ಮೇಡಂ. ಮಾವನಿಗೆ ಗೊತ್ತಿಲ್ಲ. ಅವರು ಅಂಗಡಿ ಬೆಂಚಲ್ಲಿ ಕೂರ್ತಾರೆ ಅಂತಾನೇ ನಾನು ಹಿಂದಿನಿಂದ ಹೋಗೋದು.”

ಗಂಡನ ಫ್ಯಾಕ್ಟರಿ ಮುಚ್ಚಿ ಎಂಟು ತಿಂಗಳು. ಅಪ್ಪನಿಗೆ ಹೇಳಲು ಅವನಿಗೆ ಬಾಯಿಲ್ಲ. ದಿನಾ ಡಬ್ಬಿ ಹಿಡಿದು ಹೊರಟು ಸಿಕ್ಕಿದ ಕೂಲಿ ಮಾಡುತ್ತಾನೆ.

ಕಪಾಟಿನ ಅಂಚಿಗೆ ನೀಲಿ ಟೇಪಿನ ತುಂಡುಗಳು ಅಂಟಿಕೊಂಡಿದ್ದವು.

“ಡಬ್ಬಿ ಮುಚ್ಚೋಕೆ ಆಗುತ್ತೆ ಅಂತ ಇಟ್ಟಿದೀನಿ. ನಿನ್ನೆ ಎಂಟಿತ್ತು...”

ಈಗ ನಾಲ್ಕು ಇತ್ತು.

“ಪೊಲೀಸರಿಗೆ ಅಡುಗೆಮನೇಲೇನು ಕೆಲಸ?” ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಟಿಪ್ಪಣಿ ಪುಸ್ತಕ. ಕಸಿದು ತೆರೆದೆ. ಎಲ್ಲ ಹಾಳೆಗೂ ಎಡಗಡೆ ಸ್ಕೇಲಿಟ್ಟು ಎಳೆದ ಗೆರೆ. ಕಡೆಯ ಎರಡು ಹಾಳೆಯಲ್ಲಿ ಮೂವತ್ತೊಂದು ಹೆಸರು, ಹನ್ನೊಂದನೆಯದು ಅಡುಗೆ ಕಲಿಸುವವಳದು.

“ಹೌದು, ನಾನೇ ಬರೆದೆ!” ಎಂದರು. “ನಾಚಿಕೆಯಾದ್ರೆ ದುಡಿದು ತಿಂತಾರೆ. ತಪ್ಪೇನು?”

“ಆ ಕೌಂಟರಿನವಳ ಅನ್ನಕ್ಕೆ ಕಲ್ಲು ಹಾಕಿದ್ದು?”

“ಅವಳ ಹಣೆಬರಹ.”

“ಟೇಪು ಎಲ್ಲಿ ಸಿಕ್ತು ಸಾರ್?”

“ಇಲ್ಲೇ ಕಪಾಟಲ್ಲಿ. ನಮ್ಮನೇದು.”

ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಗುಟ್ಟನ್ನು ನಾನು ಒಡೆದರೆ ನನಗೂ ಈ ಮನುಷ್ಯನಿಗೂ ಏನು ವ್ಯತ್ಯಾಸ? ಸೊಸೆ ಕೈ ಒರೆಸಿಕೊಂಡಳು. ಪೆಟ್ಟಿಗೆ ಎತ್ತಿ ಅವರ ಮುಂದೆ ಇಟ್ಟಳು.

“ನಮ್ಮನೇದಲ್ಲ ಮಾವ. ಆ ಬ್ಯಾಂಕಿಂದು. ಎಂಟು ತಿಂಗಳಿಂದ ನೀವು ತಿಂತಿರೋದು ಇದನ್ನೇ.”

ಅವರು ಪೆಟ್ಟಿಗೆ ನೋಡಿದರು, ಕಪಾಟು ನೋಡಿದರು, ಗೋಡೆ ಹಿಡಿದು ಕೂತರು. ನನಗೆ ಅಯ್ಯೋ ಪಾಪ ಅನ್ನಿಸಲಿಲ್ಲ.

* * *

ಐದಕ್ಕೆ ಸಮಿತಿಯ ಮುಂದೆ ಅವರು ತಪ್ಪೊಪ್ಪಿಕೊಂಡರು. ದೂರು ದಾಖಲಿಸಿದೆ. ಅವರು ಸಹಿ ಹಾಕಿದರು. ರಟ್ಟಿನ ಸಿಪ್ಪೆಯ ವಿಷಯವನ್ನೂ ನಾನು ವಿವರಿಸಬೇಕಾಯಿತು.

“ಅಂದ್ರೆ ನಮ್ಮದೇ ಪೆಟ್ಟಿಗೆ!” ಕಾರ್ಯದರ್ಶಿಯ ಕಿವಿ ನೆಟ್ಟಗಾಯಿತು. “ಯಾರ ಮನೇದು? ಇವರಿಗೆ ಹೇಗೆ ಸಿಕ್ತು?”

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು.

“ಹೇಳಲ್ಲ” ಎಂದಳು ಟೋಕನ್ ಅಕ್ಕ. ಪುಸ್ತಕವನ್ನು ಒಳಗಿಟ್ಟು ಬೀಗ ಜಡಿದಳು. “ಬೆಳಿಗ್ಗೆ ಹೇಳಿದ್ದೇ ಈಗ್ಲೂ.”

ಅವರು ಕೌಂಟರ್ ದಾಟುವಾಗ ಅವಳು ತಲೆ ಎತ್ತಿದಳು. ಆ ನೋಟದಲ್ಲಿ ಒಂದಿಷ್ಟೂ ದಯೆ ಇರಲಿಲ್ಲ. ನನಗೂ ಅವರಿಗೂ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

“ಬರೋ ಶುಕ್ರವಾರ ಸೊಸೇನ ಕಳಿಸ್ಬೇಡಿ. ನೀವೇ ಬನ್ನಿ ಸಾರ್. ಮುಂಬಾಗಿಲಿಂದ.”