ಮೊಣಕಾಲೊಳಗಿನ ಮಂದಿ

"ಕಾಲು ಕೊಯ್ದು ತೆಗೀತಾರೇನ್ರಿ, ಸಿಸ್ಟರ್?"

ಕೇಳಬಾರದು ಅಂದುಕೊಂಡಿದ್ದ ಪ್ರಶ್ನೆ ಸಪ್ನಾಳ ಬಾಯಿಂದ ಬಂದೇಬಿಟ್ಟಿತು. ಶಹಾಬಾದಿನ ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಕಾಲು ಚಾಚಿ, ಕಣ್ಣು ಮುಚ್ಚಿ ಕುಳಿತಿದ್ದಳು. ನರ್ಸ್ ಜಾನಬಿ ಮೊಣಕಾಲಿಗೆ ಅಂಟಿದ್ದ ಬಟ್ಟೆಯನ್ನು ಮೆಲ್ಲಗೆ ಬಿಡಿಸಿದರು. ಗಾಯದ ತುಂಬ ಬಿಳಿ ಕೀವು.

ಪಾಪ, ಹುಡುಗಿ ಸುಮ್ಮನೆ ಹೆದರಿರಲಿಲ್ಲ. ಪಕ್ಕದ ಮನೆಯ ಗುಂಡಮ್ಮನ ಗಂಡನಿಗೆ ಹೀಗೆಯೇ ಕೀವಾಗಿ, ಡಾಕ್ಟರು ಕಾಲಿನ ಬೆರಳು ತೆಗೆದಿದ್ದರು. ಆತನಿಗೆ ಶುಗರ್ ಜೋರಾಗಿತ್ತು ಅನ್ನುವುದು ಇವಳಿಗೇನು ಗೊತ್ತು? ಶಾಲೆಯ ಖೋಖೋ ಟೀಮಿನಲ್ಲಿ ಸಪ್ನಾಳನ್ನು ಹಿಡಿಯುವವರಿಲ್ಲ. ಕಾಲೇ ಹೋದರೆ ಓಡುವುದು ಹೇಗೆ?

ಅಪ್ಪ ರಾಮಲಿಂಗ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಮಾಡುವ ಮಷಿನ್ನಿನಲ್ಲಿ ಕೆಲಸ ಮಾಡುತ್ತಾನೆ. ಕಲ್ಲಿನ ಅಂಚು ಬೆರಳು ಕೊಯ್ದರೆ ಅಲ್ಲಿಯವರು ಆ ಕಲ್ಲಿನ ಪುಡಿಯನ್ನೇ ಒಂದು ಚಿಟಿಕೆ ಗಾಯಕ್ಕೆ ಒತ್ತಿ ಮತ್ತೆ ಕೆಲಸಕ್ಕೆ ನಿಲ್ಲುತ್ತಾರೆ. ಪರಸಿ ರಾಶಿ ಹತ್ತಬೇಡ ಅಂತ ಅಪ್ಪ ಹೇಳಿದ್ದರೂ ಹತ್ತಿ ಬಿದ್ದು ಮೊಣಕಾಲು ಕೊಯ್ದುಕೊಂಡಿದ್ದ ಸಪ್ನಾ ಕೂಡ ಹಾಗೆಯೇ ಮಾಡಿದ್ದಳು. ಗಾಯಕ್ಕೆ ಪುಡಿ ತುಂಬಿ, ಬಟ್ಟೆ ಕಟ್ಟಿ, ಯಾರಿಗೂ ಹೇಳದೆ ಇದ್ದುಬಿಟ್ಟಿದ್ದಳು. ಇವತ್ತು ಕುಂಟುವುದನ್ನು ನೋಡಿ ಅಪ್ಪನೇ ಹೊತ್ತುಕೊಂಡು ಬಂದಿದ್ದ.

"ಯಾರೂ ಕಾಲು ತೆಗೆಯಂಗಿಲ್ಲ, ಬೇಟಾ," ಅಂದರು ಜಾನಬಿ. "ಈ ಕೀವು ಅದ ನೋಡು, ಇದ್ರಾಗ ನಿನ್ನ ಮಂದೀನೇ ಭಾಳ ಅದಾರ. ಜರ್ಮ್ಸ್ ಜೋಡಿ ಜಗಳಾಡಿ ಸತ್ತ ಬಿಳಿ ರಕ್ತಕಣ ಇವು."

ಸಪ್ನಾ ಕಣ್ಣು ಬಿಟ್ಟಳು.

ಗಾಯ ತೊಳೆಯುತ್ತ ಜಾನಬಿ ಅವಳ ಲಂಗದ ಅಂಚು ತೋರಿಸಿದರು. ಅಲ್ಲಿ ಉತ್ತರಾಣಿ ಬೀಜಗಳು ಮೆತ್ತಿಕೊಂಡಿದ್ದವು. ಬಿಳಿ ಕಣದ ಮೈಮೇಲೂ ಹೀಗೆ ಹಿಡಿಯುವ ಸಣ್ಣ ಸಣ್ಣ ಕೈಗಳಿವೆಯಂತೆ, ಅವಕ್ಕೆ ರಿಸೆಪ್ಟರ್ ಅನ್ನುತ್ತಾರಂತೆ. ಗಾಯದಿಂದ ಸುದ್ದಿ ಬಂದೊಡನೆ ರಕ್ತದಲ್ಲಿ ಉರುಳುತ್ತಿದ್ದ ಕಣ ಆ ಕೈಗಳಿಂದ ರಕ್ತನಾಳದ ಗೋಡೆ ಹಿಡಿದು ನಿಲ್ಲುತ್ತದೆ. ಸಂದಿಯಲ್ಲಿ ನುಸುಳಿ ಹೊರಗೆ ಬರುತ್ತದೆ. ಬೇರೆ ಕೈಗಳಿಂದ ಎದುರಿಗಿದ್ದುದನ್ನು ತಡವಿ ನೋಡುತ್ತದೆ. ಇದು ನಮ್ಮದಲ್ಲ ಅಂತ ತಿಳಿದರೆ ಗಬಕ್ಕನೆ ನುಂಗಿಬಿಡುತ್ತದೆ.

"ಕಲ್ಲಿನ ಪುಡೀನೂ ನುಂಗ್ತಾವೇನ್ರಿ?"

"ನುಂಗ್ತಾವ. ಜರ್ಮ್ಸ್ ಹಿಡಿಯೋದು ಬಿಟ್ಟು ಪುಡಿ ನುಂಗ್ಕೋತ ಕುಂದ್ರತಾವ. ಸುಮ್ನ ಅವಕ್ಕ ತ್ರಾಸ."

ಸಪ್ನಾಳಿಗೆ ಹೋದ ಜೀವ ಬಂದಂತಾಯಿತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬಾಗಿಲಲ್ಲಿ ನಿಂತಿದ್ದ ಅಪ್ಪ ಬಯ್ಯಲಿಲ್ಲ. ಹತ್ತಿರ ಬಂದು ಅವಳ ತಲೆ ನೇವರಿಸಿದ.

ಗಾಯ ಮಾಯ್ದ ಮೇಲೆ ಒಂದು ಮಧ್ಯಾಹ್ನ ಸಪ್ನಾ ಬುತ್ತಿ ಹಿಡಿದು ಅಪ್ಪನ ಕೆಲಸದ ಜಾಗಕ್ಕೆ ಓಡುತ್ತಲೇ ಬಂದಳು. ಅಪ್ಪನ ಹೆಬ್ಬೆರಳಲ್ಲಿ ರಕ್ತ. ಇನ್ನೊಂದು ಕೈ ಆಗಲೇ ಪುಡಿಯ ಕಡೆ ಹೋಗುತ್ತಿತ್ತು.

ಅವಳು ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಹಿಡಿದುಕೊಂಡೇ ನಲ್ಲಿಯ ತನಕ ಕರೆದೊಯ್ದಳು. ಬೆರಳಿಗೆ ಮೆತ್ತಿದ್ದ ಬೂದು ಪುಡಿಯೆಲ್ಲ ನೀರಿನಲ್ಲಿ ಹರಿದುಹೋಯಿತು.

"ಸಾಕು ಬಿಡವ್ವಾ," ಅಂದ ಅಪ್ಪ.

"ಇನ್ನೊಂದೀಟು ಇರಪ್ಪಾ," ಅಂದಳು ಸಪ್ನಾ, ಕೈ ಬಿಡದೆ. "ಒಳಗಿನ ಮಂದಿಗಿ ಕೆಲ್ಸ ಕಮ್ಮಿ ಆಗ್ಲಿ."