ಊರಿನ ಹೆಸರು ಮಾತ್ರ

ಸ್ಟುಡಿಯೋ ಗಾಜಿನ ಆಚೆ ತಿಪ್ಪೇರುದ್ರ ಐದು ಬೆರಳು ತೋರಿಸಿದ. ಹಾಡು ಮುಗಿಯಲು ಐದು ಸೆಕೆಂಡು. ನಾಲ್ಕು, ಮೂರು. ಕೊನೆಯ ಬೆರಳನ್ನು ಮಡಚದೆ ಹಾಗೇ ಹಿಡಿದು, ತಲೆ ಓರೆ ಮಾಡಿ ನನ್ನನ್ನೇ ನೋಡಿದ.

“ನನ್ನಿವಾಳದಿಂದ ಮೊಳಕಾಲ್ಮೂರಿಗೆ ಒಂದು ಹಾಡು,” ಎಂದು ಓದಿ, ಮೈಕಿನ ಕೆಂಪು ದೀಪ ಆರಿದೆಯೇ ಎಂದು ಎರಡು ಸಲ ನೋಡಿಕೊಂಡೆ.

ಚಳ್ಳಕೆರೆಯ ನಮ್ಮ ನವಿಲು ಎಫ್‌ಎಂನಲ್ಲಿ ಹಾಡು ಬೇಕೆಂದು ಕೇಳುವವರ ಹೆಸರು ಓದುವುದಿಲ್ಲ. ಊರಿನ ಹೆಸರು ಮಾತ್ರ. ಆ ನಿಯಮ ಬರೆದವಳು ನಾನೇ. ಸ್ಟೇಷನ್ ಶುರುವಾದ ಎರಡನೇ ತಿಂಗಳು, ನನ್ನಿವಾಳದ ಪ್ರಭು ಎಂಬಾತ ಮೊಳಕಾಲ್ಮೂರಿನ ಮಾಲಾಗೆಂದು ಹಾಡು ಕೇಳಿದ್ದ. ಎರಡೂ ಹೆಸರು ಓದಿಬಿಟ್ಟೆ. ಸಂಜೆಯೊಳಗೆ ಅವಳ ಮನೆಯವರು ನಮ್ಮ ಮೆಟ್ಟಿಲು ಹತ್ತಿ ಬಂದರು. ಅವಳನ್ನು ಕಾಲೇಜು ಬಿಡಿಸಿದರೆಂದು ಆಮೇಲೆ ತಿಳಿಯಿತು. ಅಂದಿನಿಂದ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ನನ್ನ ಕೈ ಮೊದಲು ಬಾಗಿಲ ಚಿಲಕಕ್ಕೆ ಹೋಗುತ್ತದೆ.

ಆ ಶನಿವಾರ ಸ್ಟೇಷನ್‌ಗೆ ಹತ್ತು ವರ್ಷ ತುಂಬುವುದಿತ್ತು. ಅದರ ಕಥೆ ಬರೆದು ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಾವಗಡ ರಸ್ತೆಯ ಎರಡು ಕೋಣೆ, ಸದ್ದು ತಡೆಯಲು ಗೋಡೆಗೆ ಹೊಡೆದ ಶೇಂಗಾ ಚೀಲಗಳು, ಮೊದಲ ಜಾಹೀರಾತು ಕೊಟ್ಟ ನಮ್ಮಪ್ಪ ಕೊಟ್ಟೂರಪ್ಪನ ಎಣ್ಣೆ ಮಿಲ್ಲು, ಎಲ್ಲ ಬರೆದೆ. ಮಾಲಾಳ ಸಂಗತಿ ಬಿಟ್ಟೆ.

ಮರುದಿನ ಭಾನುವಾರ, ದಾವಣಗೆರೆಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಪ್ಪ ಒಪ್ಪಿಯೇ ಬಿಟ್ಟಂತಿತ್ತು.

ತಿಪ್ಪೇರುದ್ರ ನಮ್ಮ ಟೆಕ್ನಿಷಿಯನ್. ಸಿದ್ದಾಪುರದ ಕುರಿ ಸಾಕುವ ಮನೆಯವನು. ನಮ್ಮದು ವ್ಯಾಪಾರದ ಮನೆ, ಬೇರೆ ಜಾತಿ. ಎರಡು ವಾರದ ಹಿಂದೆ ಹಾಡೊಂದರ ನಡುವೆ ಅವನ ದನಿ ನನ್ನ ಹೆಡ್‌ಫೋನಿನಲ್ಲಿ ಕೇಳಿತ್ತು. “ಸಿದ್ದಾಪುರದಿಂದ ಚಳ್ಳಕೆರೆಗೆ ಒಂದು ಹಾಡು ಐತೆ ಮೇಡಂ. ಓದ್ತೀರಾ?”

ಹಾಡು ಮುಗಿಯುತ್ತಿದೆ ಎಂದು ಹೇಳಿ ತಪ್ಪಿಸಿಕೊಂಡೆ. ಅದು ಮುಗಿಯಲು ಇನ್ನೂ ಮೂರು ನಿಮಿಷವಿತ್ತು. ಅವನಿಗೂ ಅದು ಗೊತ್ತಿತ್ತು.

ಶುಕ್ರವಾರ ಅವನು ಕೇಳುಗರ ಮಾತು ರೆಕಾರ್ಡ್ ಮಾಡಲು ಮೊಳಕಾಲ್ಮೂರಿಗೆ ಹೋಗಿದ್ದ. ಬಂದವನೇ ಹೆಡ್‌ಫೋನನ್ನು ನನ್ನ ಕೈಗಿಟ್ಟ. ಮಗ್ಗದ ಸದ್ದು, ಅದರ ಹಿಂದೆ ಹೆಂಗಸಿನ ದನಿ.

“ನಾನು ಮಾಲಾ, ಅಕ್ಕಾ. ಎರಡು ವರ್ಷ ಮನೇಲಿ ಕೂಡಿಹಾಕಿದ್ರು, ಹೊಡೆದ್ರು. ಆಮೇಲೆ ಪ್ರಭುನ್ನೇ ಮದುವೆ ಆದೆ. ಇಲ್ಲೇ ಸೀರೆ ನೇಯ್ತಾ ಕೂತವ್ನೆ. ನೀವು ನಮ್ಮ ಹೆಸರು ಓದಿದ್ದಕ್ಕೆ ಸಿಟ್ಟಿಲ್ಲ. ಆಮೇಲೆ ಯಾರ ಹೆಸರೂ ಓದ್ಲಿಲ್ವಲ್ಲ, ಅದಕ್ಕೆ ಐತೆ. ಇದನ್ನ ರೇಡಿಯೋದಾಗೆ ಹಾಕ್ರಿ.”

ಹೆಡ್‌ಫೋನ್ ತೆಗೆಯಲು ಕೈ ಬರಲಿಲ್ಲ. ತಿಪ್ಪೇರುದ್ರ ಕುಡಿಯಲು ನೀರು ತಂದಿಟ್ಟು ತನ್ನ ಕೋಣೆಗೆ ಹೋದ.

ಶನಿವಾರ ಸಂಜೆ ನಾಲ್ಕಕ್ಕೆ ಮೈಕಿನ ಮುಂದೆ ಕೂತೆ. ಅಪ್ಪನ ಗಲ್ಲಾದ ಮೇಲಿನ ರೇಡಿಯೋ ಇಡೀ ದಿನ ನಮ್ಮ ಸ್ಟೇಷನ್ನಿನಲ್ಲೇ ಇರುತ್ತದೆ. ನಾನು ಹೇಳುವ ಪ್ರತಿ ಮಾತೂ ಅಪ್ಪನಿಗೆ ಕೇಳುತ್ತದೆ. ಕಥೆ ಓದಿದೆ. ಮಾಲಾಳ ದನಿ ಹಾಕಿಸಿದೆ. ನಂತರ ಹಾಡಿನ ಸರದಿ. ಕಾಗದ ಕೈಗೆತ್ತಿಕೊಂಡೆ. ಅದರಲ್ಲಿ ಬರೆಯದಿದ್ದ ಸಾಲನ್ನು ಓದಿದೆ.

“ಈ ಹಾಡನ್ನು ಕೇಳಿರುವವರು ಚಳ್ಳಕೆರೆಯ ದೀಪಿಕಾ. ಸಿದ್ದಾಪುರದ ತಿಪ್ಪೇರುದ್ರ ಅವರಿಗಾಗಿ.”

ದೀಪಿಕಾ ನಾನು. ಇಡೀ ತಾಲ್ಲೂಕಿಗೇ ಅದು ಗೊತ್ತು.

ಹಾಡು ಬರಲಿಲ್ಲ. ಹತ್ತು ವರ್ಷದಲ್ಲಿ ಎರಡು ಸೆಕೆಂಡಿಗಿಂತ ಹೆಚ್ಚು ಮೌನ ಬಿಡದ ಮನುಷ್ಯ ಗಾಜಿನ ಆಚೆ ಕಲ್ಲಿನಂತೆ ನಿಂತಿದ್ದ. ಬೆರಳು ಗುಂಡಿಯ ಮೇಲಿತ್ತು. ಕಣ್ಣು ನನ್ನ ಮೇಲಿತ್ತು, ತುಂಬಿಕೊಂಡಿತ್ತು.

ಮೈಕು ಆರಿಸಿದೆ. ಅಷ್ಟರಲ್ಲೇ ಫೋನಿನ ದೀಪ ಮಿನುಗಿತು. ಮಿಲ್ಲಿನ ನಂಬರು. ಎತ್ತಿದೆ.

ಗಾಣದ ಸದ್ದು ಮಾತ್ರ ಕೇಳುತ್ತಿತ್ತು. ಅಪ್ಪ ಉಸಿರಾಡುತ್ತಿರುವುದು ಗೊತ್ತಾಗುತ್ತಿತ್ತು. ಕ್ಷಮೆ ಕೇಳಬೇಕೆನಿಸಿತು. ಕೇಳಲಿಲ್ಲ.

“ದಾವಣಗೆರೆಯೋರಿಗೆ ಏನು ಹೇಳ್ಲಿ ನಾನು?” ಎಂದರು ಅಪ್ಪ.

ಗಾಣ ಇನ್ನೊಂದಿಷ್ಟು ತಿರುಗಿತು. ಆಮೇಲೆ ಅಪ್ಪನ ದನಿ ತಗ್ಗಿತು. ಅದರಲ್ಲಿ ಸಿಟ್ಟಿತ್ತೋ, ಸೋಲಿತ್ತೋ ಇಂದಿಗೂ ತಿಳಿಯದು.

“ಹೆಸರು ಹೇಳಿ ಸುಮ್ನೆ ಕೂತ್ರೆ ಹೆಂಗವ್ವ? ಜನ ಕಾಯ್ತಾವ್ರೆ. ಹಾಡು ಹಾಕ್ಸು.”

ನಾನು ಗಾಜಿನತ್ತ ತಿರುಗಿ, ಒಂದು ಬೆರಳೆತ್ತಿ, ಮಡಚಿದೆ.