ಳಕಾರ ಮೇಡಂ

"ಈ ಪುಣ್ಯಾತ್ಮರು ಗ್ರಾಹಕರನ್ನ ಹೇಗೆ ಮಾತಾಡಿಸ್ತಾರೆ, ಸ್ವಲ್ಪ ಕೇಳಿ" ಎಂದು ಮೇಡಂ ಧ್ವನಿಮುದ್ರಣದ ಗುಂಡಿ ಒತ್ತಿದಳು.

"ನಮಸ್ಕಾರ ಸರ್, ಹೇಲಿ... ಸಂಕೋಚ ಬೇಡ, ನಿಧಾನವಾಗಿ ಹೇಲಿ..."

ಸಹಾಯವಾಣಿ ಕಚೇರಿಯ ತರಬೇತಿ ಕೋಣೆಯಲ್ಲಿ ಹದಿನಾಲ್ಕು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ತಿದ್ದಬೇಕಾದ ಮೇಡಂ!

ಕೊನೆಯ ಸಾಲಿನಲ್ಲಿ ನೀಲಿ ಅಂಗಿಯವನೊಬ್ಬ ಎದ್ದು ನಿಂತ.

"ಅದು ನನ್ನ ದನಿ ಮೇಡಂ. ನಮ್ಮ ಮನೆ ಭಾಷೇಲಿ ಆ ಅಕ್ಷರ ಇಲ್ಲ. ಕಲಿಸಿದ್ರೆ ಕಲೀತೀನಿ."

ನಗು ನಿಂತಿತು. ಆ ಮಾತಿನ ಎಳೆತ ಕೇಳಿದೊಡನೆ ಮೇಡಂಗೆ ತಿಳಿಯಿತು, ಅವನ ಮನೆ ಭಾಷೆ ಯಾವುದೆಂದು. ಅದು ಅವಳ ಅಮ್ಮನ ಭಾಷೆ. ಅವಳದೂ ಅದೇ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಕಚೇರಿಯವರೆಲ್ಲ 'ಳಕಾರ ಮೇಡಂ' ಎಂದು ಹೊಗಳುವ ಈ ಹುಡುಗಿ, ಆ ಅಕ್ಷರವನ್ನು ವರ್ಷಗಟ್ಟಲೆ ಕನ್ನಡಿಯ ಮುಂದೆ ನಿಂತು ಗಳಿಸಿದ್ದಳು. ಅದು ಯಾರಿಗೂ ಗೊತ್ತಿರಲಿಲ್ಲ.

ಅಂದಿನಿಂದ ದಿನಾ ಸಂಜೆ ಅವನೊಬ್ಬನಿಗೇ ಅರ್ಧ ಗಂಟೆ ಪಾಠ. ಪರೀಕ್ಷೆಯಲ್ಲಿ ತಪ್ಪಿದರೆ ಅವನು ಮತ್ತೆ ಗೋದಾಮಿಗೆ ಹೋಗಿ ಮೂಟೆ ಹೊರಬೇಕಿತ್ತು.

"ನಾಲಿಗೆ ತುದಿ ಮೇಲಕ್ಕೆ ಮಡಚಿ. ಅವಳ ಬಿಳಿ ಬಳೆ."

"ಅವಲ ಬಿಲಿ ಬಲೆ."

"ಬಲೆ ಅಂದ್ರೆ ಮೀನು ಹಿಡಿಯೋದು."

"ಬಿದ್ದ ಮೀನಿಗೆ ಗೊತ್ತು ಬಿಡಿ" ಎಂದು ಅವನು ತಲೆ ತಗ್ಗಿಸಿದ. ಅವಳ ಕಿವಿ ಕೆಂಪಾಯಿತು.

ಒಂದು ಸಂಜೆ ಅವನು ಕೇಳಿದ, "ನಿಮಗೆ ಇದು ಹುಟ್ಟಿನಿಂದಾನೇ ಬಂತಾ ಮೇಡಂ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಬೆಚ್ಚಿದಳು.

"ಹೂಂ. ಹುಟ್ಟಿನಿಂದಾನೇ."

ಛೆ, ಯಾಕೆ ಹೀಗಂದೆ? ಈಗಲಾದರೂ ಹೇಳಿಬಿಡಲೇ... ಬಾಯಿ ಬರಲಿಲ್ಲ. ಮರುದಿನದಿಂದ ಅವನು ತಮಾಷೆ ಬಿಟ್ಟ. ಪಾಠ ಮುಗಿದೊಡನೆ ಎದ್ದು ಹೋಗತೊಡಗಿದ.

ಪರೀಕ್ಷೆಯ ದಿನ ಅವಳು ಕಚೇರಿಯಲ್ಲೇ ಕನ್ನಡಕ ಮರೆತು ಮನೆಗೆ ಬಂದಳು. ಸಂಜೆ ಯಾರೋ ಬಾಗಿಲು ತಟ್ಟಿದರು. ಅವಳು ಏಳುವಷ್ಟರಲ್ಲಿ ಅಮ್ಮ ತೆಗೆದಾಗಿತ್ತು.

"ಒಲಗೆ ಬಾಪ್ಪ. ಮಗಲು ಒಲಗೇ ಇದ್ದಾಲೆ."

ಹೊಸಿಲಲ್ಲಿ ಕನ್ನಡಕ ಹಿಡಿದು ನಿಂತಿದ್ದವನ ಕಣ್ಣು ಅರಳಿತು. ಅವನು ತಮ್ಮ ಭಾಷೆಯಲ್ಲೇ ಉತ್ತರ ಕೊಟ್ಟ. ಅಮ್ಮನ ಸಂಭ್ರಮ ಕೇಳಬೇಕೆ? ಕೈ ಹಿಡಿದು ಕೂರಿಸಿ, ಊರು ಮನೆ ಎಲ್ಲ ವಿಚಾರಿಸಿ, ಟೀ ಇಡಲು ಹೋದಳು.

ಮೇಡಂ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು.

"ಪಾಸಾದೆ" ಎಂದ ಅವನು. ಆಮೇಲೆ ಅಮ್ಮ ಹೋದ ಕಡೆ ನೋಡಿ, "ಹುಟ್ಟಿನಿಂದಾನೇ ಅಂದ್ರಲ್ಲ."

"ಸುಳ್ಳು ಹೇಳಿದೆ." ಅವಳು ತಲೆ ಎತ್ತಿದಳು. "ಆ 'ಹೇಲಿ' ನಾನೂ ಅಂದಿದ್ದೆ. ಆರನೇ ಕ್ಲಾಸಲ್ಲಿ, ಇಡೀ ಶಾಲೆ ಎದುರು, ಮೈಕಲ್ಲಿ. ನಗೋರ ಜೊತೆ ಸೇರ್ಕೊಂಡ್ರೆ ನನ್ನ ನೋಡಿ ಯಾರೂ ನಗಲ್ಲ ಅಂದ್ಕೊಂಡೆ. ಅಮ್ಮಂಗೆ ಫೋನೂ ಎತ್ತೋಕೆ ಬಿಡಲ್ಲ ನಾನು... ಎಂಥ ಮಗಳು ನೋಡಿ."

ಅವನು ಕನ್ನಡಕವನ್ನು ಅವಳ ಕೈಯಲ್ಲಿಟ್ಟ.

"ನಕ್ಕಿದ್ದು ಅವತ್ತೇ ಮರೆತೆ. ಆದ್ರೆ ಹುಟ್ಟಿನಿಂದ ಅಂದ್ರಲ್ಲ, ಇವರೆಲ್ಲಿ, ಮೂಟೆ ಹೊರೋ ನಾನೆಲ್ಲಿ ಅನ್ನಿಸ್ತು. ಹೇಳಬೇಕು ಅಂದ್ಕೊಂಡಿದ್ದನ್ನ ನುಂಗಿಬಿಟ್ಟೆ."

"ನಾನೂ ನುಂಗಿದ್ದೀನಿ" ಎಂದಳು, ಕೇಳಿಸಿತೋ ಇಲ್ಲವೋ ಎಂಬಂತೆ.

"ಹಾಗಾದ್ರೆ ನಮ್ಮ ಭಾಷೇಲಿ ಹೇಳಿ."

ವರ್ಷಗಳ ಮೇಲೆ ಹೊರಗಿನವರೊಬ್ಬರೆದುರು ಅವಳು ಆ ಭಾಷೆ ಆಡಿದಳು. ಮೂರೇ ಪದ. ಅಭ್ಯಾಸಬಲದಿಂದ ನಾಲಿಗೆ ಮಡಚಿಕೊಂಡು, ಇಲ್ಲದ ಕಡೆ ಳಕಾರ ನುಗ್ಗಿತು! ಒಳಗೆ ಅಮ್ಮ ನಕ್ಕಿದ್ದು ಕೇಳಿಸಿತು. ಅವಳು ನಾಚಿ ಮುಖ ಮುಚ್ಚಿಕೊಂಡಳು.

"ನಾಲಿಗೆ ಸುಮ್ನೆ ಬಿಡಿ. ಇನ್ನೊಂದ್ಸಲ ಹೇಳಿ."

ಕಣ್ಣೊರೆಸಿಕೊಂಡು ಹೇಳಿದಳು. ಈ ಸಲ ಅಮ್ಮ ಹೇಳುವ ಹಾಗೆಯೇ ಬಂತು.

"ಈಗ ಅರ್ಥ ಆಯ್ತಾ?"

"ಮೊದಲನೇ ಸಲಾನೇ ಆಗಿತ್ತು."

"ಮತ್ತೆ ಯಾಕೆ ಇನ್ನೊಂದ್ಸಲ ಹೇಳಿಸಿದ್ರಿ?"

"ಕೇಳ್ಬೇಕು ಅನ್ನಿಸ್ತು" ಎಂದ ಅವನು.